ಅಟ್ಟದ ಮೇಲಿನ ಚಂದ್ರಿಕೆ

ಯುಗಾದಿಗೆ ಮನೆ ಲಕ್ಷಣವಾಗಿ ಕಾಣಬೇಕು, ಆದರೆ ತಿಂಗಳ ಸಂಬಳವೆಲ್ಲ ಅದಕ್ಕೇ ಸುರಿಯಬಾರದು. ಯಲಹಂಕದ ಆ ಶಾಲಾ ಶಿಕ್ಷಕಿ ಗಂಡನನ್ನು ಹೊರಡಿಸಿಕೊಂಡು ಚಿಕ್ಕಬಳ್ಳಾಪುರ ಜಿಲ್ಲೆ ಸುತ್ತಿದ್ದು ಇಷ್ಟೇ ಆಸೆಗೆ. ಬೆಂಗಳೂರಿನ ಅಲಂಕಾರದ ಮಳಿಗೆಗಳನ್ನು ಆಕೆ ಆಗಲೇ ನೋಡಿ ಬಂದಿದ್ದರು. ಅಲ್ಲಿ ಸುಣ್ಣದ ಗೋಡೆಗೆ ‘ಲೈಮ್‌ವಾಶ್ ಫಿನಿಶ್’ ಎಂಬ ಹೆಸರಿತ್ತು. ಬಿದಿರಿನ ಹೆಣಿಗೆಗೆ ಚೌಕಟ್ಟು ಹಾಕಿದ್ದರು, ಹಿತ್ತಾಳೆ ಉರುಳಿಯ ಮೇಲೆ ಪುಟ್ಟ ದೀಪ ಬೀಳುವಂತೆ ಮಾಡಿದ್ದರು. ಬೆಲೆಯ ಚೀಟಿ ತಿರುಗಿಸಿ ನೋಡಿ ಇಟ್ಟು ಬಂದಿದ್ದಾಯಿತು. ‘ಇದೆಲ್ಲ ನಮ್ಮ ಕಡೆ ಕೇಳೋರಿಲ್ದೆ ಬಿದ್ದಿದೆ, ಬಂದು ನೋಡಿ ಮೇಡಂ’ ಎಂದವರು ಅದೇ ಶಾಲೆಯ ಸಹೋದ್ಯೋಗಿ. ಅವರ ತವರು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಅಲ್ಲಿ ಅಣ್ಣ ರೇಷ್ಮೆ ಬೆಳೆಗಾರ.

ಈಗ ಹಬ್ಬ ಮುಗಿದು ಬಾಗಿಲಿನ ಮಾವಿನೆಲೆ ಮುರುಟಿದೆ. ಬಂದವರೆಲ್ಲ ಗೋಡೆ ಮುಟ್ಟಿ ನೋಡಿ ‘ಎಷ್ಟಾಯ್ತು?’ ಎಂದು ಕೇಳುತ್ತಾರೆ. ಹೇಳಿದ ಮೊತ್ತವನ್ನು ಯಾರೂ ನಂಬುವುದಿಲ್ಲ. ನಂಬದಿರುವುದೇ ಸರಿ ಎಂದು ಆಕೆಗೂ ಒಳಗೊಳಗೇ ಅನ್ನಿಸುತ್ತದೆ. ಲೆಕ್ಕದಲ್ಲಿ ಯಾವುದೋ ಒಂದು ಬಾಬ್ತು ಬಿಟ್ಟುಹೋಗಿದೆ. ಅದು ಯಾವುದು ಎಂದು ಹುಡುಕಲು ಹೋದರೆ ಮತ್ತೆ ಆ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮೊದಲೇ ವ್ಯಾಪಾರ ಬಿರುಸಾಗಿರುತ್ತದೆ. ನೆಲಕ್ಕೆ ಸುರಿದ ಸೇವಂತಿಗೆ, ಚೆಂಡುಹೂ, ಬಟನ್ ಗುಲಾಬಿಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಶಿಕ್ಷಕಿ ಎಲ್ಲ ಬಣ್ಣಗಳನ್ನೂ ಸ್ವಲ್ಪ ಸ್ವಲ್ಪ ಆರಿಸತೊಡಗಿದಾಗ, ಪಕ್ಕದಲ್ಲಿ ಬಾಳೆನಾರು ನೆನೆಸಿಟ್ಟುಕೊಂಡು ಹೂ ಕಟ್ಟುತ್ತಿದ್ದ ಹೆಂಗಸು ತಲೆ ಎತ್ತದೆಯೇ ಹೇಳಿದರು: ‘ಅಷ್ಟು ಬಣ್ಣ ಹಾಕಿದ್ರೆ ಜಾತ್ರೆ ತೇರಾಯ್ತದೆ ಅಕ್ಕ. ಒಂದೇ ಬಣ್ಣ ತಗೊಳ್ಳಿ, ಜಾಸ್ತಿ ತಗೊಳ್ಳಿ.’ ಬೆಂಗಳೂರಿನ ದುಬಾರಿ ಮದುವೆ ಮಂಟಪಗಳ ಗುಟ್ಟೂ ಇದೇ. ಹತ್ತು ಬಗೆಯ ಹೂವಿಗಿಂತ ಒಂದೇ ಬಗೆಯ ಹಳದಿ ಸೇವಂತಿಗೆ ರಾಶಿಯಾಗಿ ಬಿದ್ದಾಗ ಕಣ್ಣಿಗೆ ತುಂಬುತ್ತದೆ. ಅಗಲ ಬಾಯಿಯ ಪಾತ್ರೆಯ ನೀರಿನಲ್ಲಿ ಬಿಡಿ ಹೂವನ್ನು ಒತ್ತೊತ್ತಾಗಿ ತೇಲಿಬಿಟ್ಟರೆ, ಕಟ್ಟಿದ ಮಾರುಗಟ್ಟಲೆ ಹಾರಕ್ಕೆ ಕೊಡುವ ಹಣವೂ ಉಳಿಯುತ್ತದೆ.

ಚೀಲ ಬಿಚ್ಚುತ್ತಿದ್ದ ರೈತರೊಬ್ಬರು ಮಾತಿಗೆ ಸಿಕ್ಕರು. ಹೂವಿನ ಬೆಲೆ ಹೇಗೆ ಎಂದರೆ ನಕ್ಕರು. ‘ಹಬ್ಬಕ್ಕೆ ಮುಂಚೆ ಬಂದ್ರೆ ನೀವೇ ರಾಜ್ರು. ಹಬ್ಬದ ದಿನ ನಾವು ರಾಜ್ರು. ಮಾರನೇ ದಿನ ಬಂದ್ರೆ ದನಗಳೇ ರಾಜ್ರು ಸ್ವಾಮಿ!’ ಮಾತು ತಮಾಷೆಯದ್ದು, ಸಂಗತಿ ತಮಾಷೆಯದ್ದಲ್ಲ. ಹಬ್ಬದ ಬೇಡಿಕೆ ಇಳಿದ ಮೇಲೆ ಈ ಜಿಲ್ಲೆಯ ರೈತರು ಕೊಯ್ಲಿನ ಕೂಲಿಯೂ ಹುಟ್ಟದೆ ಮೂಟೆಗಟ್ಟಲೆ ಹೂವನ್ನು ರಸ್ತೆಬದಿಗೆ ಸುರಿದು ಹೋದ ಫೋಟೊಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನಗರದ ಮನೆಗೆ ಹೂವಿನ ಅಲಂಕಾರ ಅಗ್ಗವಾಗುವುದು ಆ ದಿನಗಳಲ್ಲಿ.

ಸದಾ ಹರಿಯುವ ನದಿ ಇಲ್ಲದ ಸೀಮೆಯಿದು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಎಚ್.ಎನ್. ವ್ಯಾಲಿ ಯೋಜನೆ ಬಂದ ಮೇಲೆ ಕೆರೆಗಳಲ್ಲಿ ನೀರು ಕಾಣುತ್ತಿದೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಬೇಕು ಎಂಬ ರೈತರ ಬೇಡಿಕೆ ಇನ್ನೂ ನಿಂತಿಲ್ಲ. ಯಲಹಂಕದವರು ಬಳಸಿ ಬಿಟ್ಟ ನೀರು ಇತ್ತ ಬರುತ್ತದೆ, ಇಲ್ಲಿನ ಸೇವಂತಿಗೆ ಅತ್ತ ಹೋಗುತ್ತದೆ. ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿದ ಗಂಡ ಇದನ್ನು ಹೇಳಿದಾಗ ಹೆಂಡತಿ ಹಿಂದಿನ ಸೀಟಿನ ಹೂವಿನ ಚೀಲವನ್ನು ಒಮ್ಮೆ ತಿರುಗಿ ನೋಡಿದರು.

ನಂದಿ ಬೆಟ್ಟ ಹತ್ತುವ ಮನಸ್ಸಿರಲಿಲ್ಲ. ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೋದರು. ಇಲ್ಲಿಗೆ ಸಂಬಂಧಿಸಿದ ಅತ್ಯಂತ ಹಳೆಯ ಶಾಸನ ಕ್ರಿ.ಶ. 806ರದ್ದು, ನೊಳಂಬರ ಕಾಲದ್ದು. ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕಟ್ಟಿ ಸೇರಿಸಿದ್ದರಿಂದ ಈಗಿನ ರೂಪ ಬಂದಿದೆ. ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳ ಹೊರಗೋಡೆಗಳ ಬಹುಭಾಗ ಸರಳ. ನಡುವಿನ ಉಮಾಮಹೇಶ್ವರ ಗುಡಿಯ ಮುಂದೆ ನಿಂತರೆ ಕರಿಕಲ್ಲಿನ ನಾಲ್ಕು ಕಂಬಗಳ ಕಲ್ಯಾಣ ಮಂಟಪ. ಅಲ್ಲಿ ಬಳ್ಳಿ ಹಬ್ಬಿದೆ, ಹಕ್ಕಿ ಕೂತಿದೆ, ಶಿವ–ಪಾರ್ವತಿಯರ ಜೊತೆಗೆ ಅಗ್ನಿ–ಸ್ವಾಹಾದೇವಿಯರೂ ನಿಂತಿದ್ದಾರೆ. ಸುತ್ತಲ ಗೋಡೆಗಳ ಬಹುಭಾಗವನ್ನು ಸುಮ್ಮನೆ ಬಿಟ್ಟಿದ್ದರಿಂದಲೇ ಆ ನಾಲ್ಕು ಕಂಬಗಳಿಗೆ ಅಷ್ಟು ಬೆಲೆ ಬಂದಿದೆ. ಶಿಕ್ಷಕಿಗೆ ತಮ್ಮ ಮನೆಯ ಹಾಲ್ ನೆನಪಾಯಿತು. ಅಲ್ಲಿ ಒಂದು ಗೋಡೆಯೂ ಖಾಲಿ ಇರಲಿಲ್ಲ. ಗಡಿಯಾರ, ಕ್ಯಾಲೆಂಡರ್, ಮದುವೆ ಫೋಟೊ, ಊರೂರಿನಿಂದ ತಂದ ಗೊಂಬೆಗಳು. ಏನು ಕೊಳ್ಳಬೇಕೆಂಬ ಪಟ್ಟಿಯ ಜೊತೆಗೆ ಏನು ತೆಗೆಯಬೇಕೆಂಬ ಪಟ್ಟಿಯೊಂದು ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಶುರುವಾಯಿತು. ಅದಕ್ಕಂತೂ ಕಾಸು ಬೇಕಿಲ್ಲ.

ಗೌರಿಬಿದನೂರಿನ ದಾರಿಯುದ್ದಕ್ಕೂ ಹೊಂಗೆ ಹೊಸ ಎಲೆ ಬಿಟ್ಟಿತ್ತು. ಬಂಡೆಗುಡ್ಡಗಳ ನಡುವೆ ಆ ಎಳೆಹಸಿರು ಕಣ್ಣು ಕೋರೈಸುತ್ತದೆ. ವಿದುರಾಶ್ವತ್ಥದಲ್ಲಿ ಇಳಿದಾಗ ಸಾವಿರಾರು ನಾಗರಕಲ್ಲುಗಳ ಮೇಲೆ ಅರಿಸಿನ–ಕುಂಕುಮದ ಎರಡೇ ಬಣ್ಣ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ನೆಲವಿದು. ಅದರ ಸ್ಮಾರಕದ ಮುಂದೆ ನಿಂತು ಗೋಡೆಗೆ ಯಾವ ಬಣ್ಣ ಎಂದು ಮಾತಾಡಲು ಇಬ್ಬರಿಗೂ ನಾಲಗೆ ಏಳಲಿಲ್ಲ. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಬದುಕಿನ ಬಹುಭಾಗವನ್ನು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಕಳೆದರು. ‘ಅವರನ್ನ ಕೇಳಿದ್ರೆ ಈ ಪ್ರವಾಸವೇ ಬೇಡ ಅಂತಿದ್ರು’ ಎಂದು ಗಂಡ ಕಾರು ಹತ್ತುವಾಗ ಗೊಣಗಿದರು.

ಅವರೂ ಬೇಡವೆನ್ನದಂಥ ದೃಶ್ಯ ಮುಂದೆ ಹಳ್ಳಿಯೊಂದರ ಓಣಿಯಲ್ಲಿ ಸಿಕ್ಕಿತು. ಅತ್ತೆ–ಸೊಸೆ ಇಬ್ಬರೂ ಸೆರಗು ಬಿಗಿದು ಮನೆಗೆ ಸುಣ್ಣ ಹೊಡೆಯುತ್ತಿದ್ದರು. ತಮ್ಮತಮ್ಮಲ್ಲಿ ತೆಲುಗು, ಬಂದವರೊಡನೆ ಕನ್ನಡ; ಆಂಧ್ರದ ಹಿಂದೂಪುರ ಇಲ್ಲಿಗೆ ಕೂಗಳತೆಯಷ್ಟೇ ದೂರ. ಹಿಂದಿನ ದಿನ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದ್ದರಂತೆ. ಅದು ಕೊತಕೊತ ಕುದ್ದು, ಆರಿ, ಮೊಸರಿನಷ್ಟು ಗಟ್ಟಿಯಾಗಿತ್ತು. ಅದನ್ನು ಹಳೇ ಪಂಚೆಯಲ್ಲಿ ಸೋಸಿ, ನೀರು ಬೆರೆಸಿ, ಒಂದು ಹಿಡಿ ಉಪ್ಪು, ಸ್ವಲ್ಪ ಗಂಜಿ, ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ. ನಾರಿನ ಕುಂಚ ಅದ್ದಿ ಸೊಸೆ ಎಳೆದಾಗ ಗೋಡೆ ಒದ್ದೆಯಾಯಿತೇ ಹೊರತು ಬೆಳ್ಳಗಾಗಲಿಲ್ಲ. ‘ಏನೂ ಕಾಣಿಸ್ತಿಲ್ವಲ್ಲ?’ ಎಂದು ಶಿಕ್ಷಕಿ ಕೇಳಿದರು. ‘ತಡೀರಿ, ಆರ್ಲಿ’ ಎಂದರು ಅತ್ತೆ.

ಆರಿತು. ಕಣ್ಣೆದುರೇ ಬಿಳುಪು ಮೇಲಕ್ಕೆ ಬಂತು.

ಇದರ ಹಿಂದಿನ ಕೆಲಸ ರಸಾಯನಶಾಸ್ತ್ರದ್ದು. ನೀರು ಕುಡಿದ ಸುಣ್ಣವೆಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಪ್ಲಾಸ್ಟಿಕ್ ಅಂಶದ ಪೇಂಟು ಗೋಡೆಯ ಮೇಲೆ ಪೊರೆಯಾಗಿ ಕೂರುತ್ತದೆ, ಸುಣ್ಣ ಗೋಡೆಯೊಳಗೇ ಹರಳುಗಟ್ಟುತ್ತದೆ. ಆ ಹರಳುಗಳು ಬೆಳಕನ್ನು ಒಡೆದು ಚದುರಿಸುವುದರಿಂದ ಬರುವ ಮೃದುವಾದ ಹೊಳಪನ್ನೇ ನಗರದ ಮಳಿಗೆಯವರು ಡಬ್ಬದಲ್ಲಿ ತುಂಬಿ ಮಾರುವುದು. ಕುಂಚದ ಗೆರೆ ಅಲ್ಲಲ್ಲಿ ಏರುಪೇರಾಗಿ ಕಾಣುವುದೇ ಅದರ ಸೊಗಸು. ತೆಳುವಾಗಿ ಎರಡು–ಮೂರು ಸಲ ಹೊಡೆಯಬೇಕು, ದಪ್ಪಗೆ ಬಳಿದರೆ ಹಕ್ಕಳೆ ಏಳುತ್ತದೆ. ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟಿ ಬಳಿದಿದ್ದರು. ಮಳೆಗೆ ಸಿಡಿಯುವ ಮಣ್ಣು, ಒರಗುವ ಸೈಕಲ್ಲು, ಕೋಳಿ, ನಾಯಿ ಎಲ್ಲದರ ಕಲೆಯನ್ನೂ ಅದು ಮುಚ್ಚುತ್ತದೆ. ಅದರ ಮೇಲೆ ಬಿಳಿ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ‘ಪ್ರತಿ ವರ್ಷ ಹೊಡೀತೀರಾ?’ ‘ಮತ್ತೆ? ಹಬ್ಬ ಪ್ರತಿ ವರ್ಷ ಬರಲ್ವಾ?’ ಅತ್ತೆಯ ಉತ್ತರಕ್ಕೆ ಪ್ರತಿಮಾತು ಇರಲಿಲ್ಲ.

ಶಿಡ್ಲಘಟ್ಟದ ಹಳ್ಳಿ ತಲುಪಿದಾಗ ಸಂಜೆ. ಸಹೋದ್ಯೋಗಿಯ ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ, ‘ಹುಳುಮನೆ ಕಡೆ ಹೋಗೋದಾದ್ರೆ ಚಪ್ಪಲಿ ಇಲ್ಲೇ ಬಿಡಿ, ಕೈ ತೊಳ್ಕೊಳ್ಳಿ. ಸೆಂಟು ಗಿಂಟು ಹಾಕಿಲ್ಲ ತಾನೆ?’ ಎಂದರು. ಹುಳು ನಾಲ್ಕನೇ ಜ್ವರ ಎದ್ದಿತ್ತು. ಪೊರೆ ಬಿಡುವುದಕ್ಕೆ ಇಲ್ಲಿ ಹೇಳುವುದು ಹಾಗೆಯೇ. ಒಟ್ಟು ತಿನ್ನುವ ಹಿಪ್ಪುನೇರಳೆ ಸೊಪ್ಪಿನ ಐದರಲ್ಲಿ ನಾಲ್ಕು ಪಾಲು ಈ ಕೊನೆಯ ಹಂತದಲ್ಲೇ ಬೇಕು. ಮನೆಯವರಿಗೆ ಹಗಲಿಲ್ಲ, ರಾತ್ರಿಯಿಲ್ಲ. ಓಣಿಯಲ್ಲಿ ಕಂಡ ಸುಣ್ಣ ಇಲ್ಲೂ ಇತ್ತು. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಲೆಂದು ಅದನ್ನೇ ನಯವಾಗಿ ಉದುರಿಸುತ್ತಾರೆ. ಮನೆಯ ಹೊರಗೋಡೆಗೆ ಮಾತ್ರ ಈ ಸಲ ಸುಣ್ಣ ಬಿದ್ದಿರಲಿಲ್ಲ. ‘ಬೆಳೆ ಇರುವಾಗ ಹಬ್ಬ ಬಂದ್ರೆ ಹಬ್ಬ ಹುಳದ್ದು, ನಮ್ಮದಲ್ಲ’ ಎಂದರು ಅತ್ತಿಗೆ.

ರಾತ್ರಿಯೂಟಕ್ಕೆ ಮುದ್ದೆ, ಹುಣಸೆ ಚಿಗುರು ಹಾಕಿದ ಮಸ್ಸೊಪ್ಪು. ಚಿಗುರಿನ ಹುಳಿ ಹಣ್ಣಿನ ಹುಳಿಯಷ್ಟು ಚುರುಕಲ್ಲ, ನಾಲಗೆಯ ಮೇಲೆ ನಿಧಾನವಾಗಿ ಏಳುತ್ತದೆ. ಊಟವಾದ ಮೇಲೆ ಅತ್ತಿಗೆ ಹೆಮ್ಮೆಯಿಂದ ನಡುಮನೆ ತೋರಿಸಿದರು. ಟಿ.ವಿ. ಹಿಂದೆ ಇಟ್ಟಿಗೆಯಂತೆ ಉಬ್ಬಿದ ಫೋಮ್ ಸ್ಟಿಕ್ಕರ್, ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ, ಮೂಲೆಯಲ್ಲಿ ಎಂದೂ ಬಾಡದ ನೇರಳೆ ಹೂಗಳು. ಶಿಕ್ಷಕಿ ‘ಚೆನ್ನಾಗಿದೆ’ ಎನ್ನುತ್ತಲೇ ತಲೆ ಎತ್ತಿ ಅಟ್ಟ ನೋಡಿದರು. ಅಲ್ಲಿ ದೂಳು ಹಿಡಿದು ಒರಗಿತ್ತು ಒಂದು ಚಂದ್ರಿಕೆ.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರು ಚಾಪೆ. ಅದರ ಮೇಲೆ ಎರಡು ಬೆರಳಗಲದ ಬಿದಿರು ಪಟ್ಟಿ ಹೊರಗಿನಿಂದ ಒಳಕ್ಕೆ ಸುತ್ತುತ್ತ ಹೋಗುತ್ತದೆ. ಹಣ್ಣಾದ ಹುಳುಗಳನ್ನು ಇದರ ಮೇಲೆ ಬಿಟ್ಟರೆ ಆ ಸುತ್ತುಗಳ ಸಂದಿಯಲ್ಲಿ ಒಂದೊಂದೂ ತನ್ನ ಜಾಗ ಹಿಡಿದು ಎರಡು–ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಒಂದು ಚಂದ್ರಿಕೆಗೆ ಸುಮಾರು ಸಾವಿರ ಹುಳು. ಮೇದರು ಹೆಣೆಯುತ್ತಿದ್ದ ಈ ಚಂದ್ರಿಕೆಗಳನ್ನು ರೈತರು ಬಾಡಿಗೆಗೂ ತರುತ್ತಿದ್ದರು. ಈಗ ಅನೇಕರ ಬಳಿ ಮಡಚಿಡಬಹುದಾದ ಪ್ಲಾಸ್ಟಿಕ್ ನೇತ್ರಿಕೆ ಇದೆ. ಹತ್ತಿರದಿಂದ ನೋಡಿದರೆ ಬಿದಿರಿಗೆ ಹೊಗೆಯ ಬಣ್ಣ ಬಂದಿತ್ತು. ಪಟ್ಟಿಯ ಅಂಚುಗಳಲ್ಲಿ ಹಳೆಯ ಬೆಳೆಯೊಂದರ ಹಳದಿ ಎಳೆಗಳು ಅಂಟಿಕೊಂಡಿದ್ದವು.

‘ಇದನ್ನ ಕೊಡ್ತೀರಾ?’

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ‘ಇದಾ? ಮುರಿದು ಒಲೆಗೆ ಹಾಕ್ಬೇಕು ಅಂತಿದ್ವಿ. ಗೋಡೆಗೆ ತೂಗು ಹಾಕ್ತೀರಾ? ಬಂದೋರು ಏನಂತಾರೆ?’ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ಬೇಡಿಕೆ ಇಟ್ಟರು. ಬೆಂಗಳೂರಿನಲ್ಲಿ ಸಿಗುವ, ಗುಂಡುಗಳ ತುದಿಗೆ ಕಮಲ ನೇತಾಡುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ತೋರಣ ಕಳಿಸಬೇಕು. ಒಪ್ಪಂದವಾಯಿತು. ಇಬ್ಬರಿಗೂ ತಾನೇ ಗೆದ್ದೆ ಅನ್ನಿಸಿತು.

ಮರುದಿನ ಶಿಡ್ಲಘಟ್ಟ ಪಟ್ಟಣದಲ್ಲಿ ಗೂಡಿನ ಮಾರುಕಟ್ಟೆ ನೋಡಿ, ನೂಲು ಬಿಚ್ಚುವ ಘಟಕವೊಂದಕ್ಕೆ ಹೋದರು. ಬಾಣಲೆಯಲ್ಲಿ ಕುದಿಯುವ ಗೂಡು, ಬೆಂದ ಹುಳದ ವಾಸನೆ, ಹಬೆ. ಒಂದು ಒಳ್ಳೆಯ ಗೂಡಿನಲ್ಲಿ ಸಾವಿರ ಮೀಟರಿನ ಆಸುಪಾಸು ಎಳೆ ಇರುತ್ತದೆ. ಅದರ ತುದಿಯನ್ನು ಬಿಸಿನೀರಿನಲ್ಲಿ ಹುಡುಕಿ ಹಿಡಿಯುವ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಚಿಟ್ಟೆ ಹೊರಬಂದು ತೂತಾದ ಬಿತ್ತನೆ ಗೂಡು ಈ ಬಾಣಲೆಗೆ ಬರುವುದಿಲ್ಲ. ಎಳೆ ತುಂಡಾಗಿರುವುದರಿಂದ ಬಿಚ್ಚಲು ಆಗದು. ಅದನ್ನು ಕತ್ತರಿಸಿ ದಳಗಳಾಗಿ ಬಿಡಿಸಿ, ಬಣ್ಣ ಅದ್ದಿ, ಹೂವು–ಹಾರ ಮಾಡುವ ಕಲೆಯನ್ನು ತಲಘಟ್ಟಪುರದ ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆ ತರಬೇತಿ ಕೊಟ್ಟು ಕಲಿಸಿದೆ. ಈ ಕಡೆ ಸಭೆ–ಸಮಾರಂಭಗಳಲ್ಲಿ ಅತಿಥಿಗಳಿಗೆ ಗೂಡಿನ ಹಾರ ಹಾಕುವುದು ರೂಢಿ. ಬಣ್ಣ ಹಾಕದ ಹಾರವೊಂದನ್ನು ಶಿಕ್ಷಕಿ ಆರಿಸಿದರು. ದೂಳು ಒರೆಸಿದರೆ ವರ್ಷಗಟ್ಟಲೆ ಕೆಡದು.

ಅಲ್ಲಿಂದ ಮುಂದೆ ಸಿಕ್ಕ ಚಿಂತಾಮಣಿ ಹುಣಸೆ ವಹಿವಾಟಿಗೆ ಹೆಸರಾದ ಊರು. ಬೇಸಿಗೆಯ ಮೊದಲ ವಾರಗಳಲ್ಲಿ ಸುತ್ತಲ ಹಳ್ಳಿಗಳ ಜಗುಲಿಗಳಲ್ಲಿ ಹೆಂಗಸರು ಓಡು ಒಡೆದು, ನಾರು ಎಳೆದು, ಕುಟ್ಟಿ ಬೀಜ ಬಿಡಿಸುತ್ತ ಕೂತಿರುತ್ತಾರೆ. ಸಾರಿಗೆ ಬಾರದ ಕಪ್ಪಗಾದ ಹಳೇ ಹುಣಸೆಯನ್ನು ಒಬ್ಬರು ಬೇರೆ ತೆಗೆದಿಟ್ಟಿದ್ದರು, ಹಿತ್ತಾಳೆ ತಿಕ್ಕಲು. ಹುಣಸೆಯ ಟಾರ್ಟಾರಿಕ್ ಆಮ್ಲ ಹಿತ್ತಾಳೆಯ ಮೇಲಿನ ಕಪ್ಪನ್ನು ಕರಗಿಸುತ್ತದೆ. ಉಪ್ಪು ಅದಕ್ಕೆ ಚುರುಕು ಕೊಡುತ್ತದೆ. ತಿಕ್ಕಿದ ಮೇಲೆ ಚೆನ್ನಾಗಿ ತೊಳೆದು ಕೂಡಲೇ ಒರೆಸದಿದ್ದರೆ ಮತ್ತೆ ಮಂಕಾಗುತ್ತದೆ. ತಮ್ಮ ಅತ್ತೆ ಕೊಟ್ಟಿದ್ದ ಹಿತ್ತಾಳೆ ಕೊಳಗ ಯಲಹಂಕದ ಮನೆಯ ಲಾಫ್ಟ್‌ನಲ್ಲಿ ಗೋಣಿಚೀಲದೊಳಗಿದೆ ಎಂಬುದು ಶಿಕ್ಷಕಿಗೆ ನೆನಪಾದದ್ದು ಅಲ್ಲಿ. ಉರುಳಿ ಕೊಳ್ಳುವ ಅಗತ್ಯ ಹೀಗೆ ತಪ್ಪಿತು.

ಕೈವಾರದಲ್ಲಿ ಬಳೆ ಅಂಗಡಿಗಳ ಮುಂದೆ ಕಾಲು ನಿಂತಿತು. ಕೈವಾರ ತಾತಯ್ಯ ಎಂದು ಜನ ಪೂಜಿಸುವ ಯೋಗಿ ನಾರೇಯಣ ಬಳೆ ಮಾರಿ ಬದುಕಿದವರು. ಕನ್ನಡ, ತೆಲುಗು ಎರಡರಲ್ಲೂ ಹಾಡು ಕಟ್ಟಿದವರು. ಅಂಗಡಿಯ ಅಜ್ಜಿ ಒಡೆದ ಗಾಜಿನ ಬಳೆಗಳನ್ನು ಡಬ್ಬದಲ್ಲಿ ಕೂಡಿಟ್ಟಿದ್ದರು. ಬಳೆ ಚೂರನ್ನು ಇಕ್ಕಳದಲ್ಲಿ ಹಿಡಿದು ದೀಪದ ಉರಿಗೆ ಒಡ್ಡಿದರು. ಗಾಜು ಕೆಂಪಾಗಿ ಮೆತ್ತಗಾಗುತ್ತಿದ್ದಂತೆ ಎರಡು ತುದಿಗಳನ್ನೂ ಮೆಲ್ಲನೆ ಬಗ್ಗಿಸಿ ಕೂಡಿಸಿದರು. ಉಂಗುರವಾಯಿತು. ಅದರೊಳಗೆ ಇನ್ನೊಂದು ಚೂರು, ಮತ್ತೊಂದು. ಹಸಿರು ಬಳೆಯ ಸರಪಣಿ ಅವರ ಮಡಿಲಿಗಿಳಿಯಿತು. ‘ಚಿಕ್ಕೋರಿದ್ದಾಗ ಬಾಗ್ಲಿಗೆಲ್ಲ ಇದೇ ಕಟ್ತಿದ್ವಿ. ಈಗಿನ ಮಕ್ಕಳಿಗೆ ಬೆರಳು ಸುಟ್ಕೊಳ್ಳೋಕೆ ಪುರಸೊತ್ತೆಲ್ಲಿ?’ ಶಿಕ್ಷಕಿ ಡಬ್ಬದ ಚೂರುಗಳನ್ನು ಅರ್ಧ ಕೊಂಡರು. ಸಂಜೆ ಬಿಸಿಲು ಆ ಸರದ ಮೂಲಕ ಬಿದ್ದಾಗ ನೆಲದ ಮೇಲೆ ಮೂಡಿದ ಹಸಿರು ಯಾವ ದುಬಾರಿ ಪರದೆಯಲ್ಲೂ ಅವರಿಗೆ ಸಿಕ್ಕಿರಲಿಲ್ಲ.

ಕಾರಿನ ಮೇಲೆ ಚಂದ್ರಿಕೆ ಕಟ್ಟಿಕೊಂಡು ಊರು ಸೇರಿದ್ದಾಯಿತು. ಹಾಲ್‌ನ ಮೂರು ಗೋಡೆ ಖಾಲಿಯಾದವು. ನಾಲ್ಕನೆಯದರ ಹಳೇ ಪೇಂಟು ಕೆರೆದು ಸುಣ್ಣ ಹೊಡೆಸಿದರು, ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಅದರ ಮೇಲೆ ಚಂದ್ರಿಕೆ, ಕೆಳಗೆ ತಿಕ್ಕಿ ಬೆಳಗಿದ ಕೊಳಗದಲ್ಲಿ ಹಳದಿ ಸೇವಂತಿಗೆ, ಬಾಗಿಲಿಗೆ ಬಳೆಯ ಸರ. ನೆಂಟರು ಮಳಿಗೆಯ ಹೆಸರು ಕೇಳಿದರು. ಕೆರೆಯುವ, ಸೋಸುವ, ಮೂರು ಸಲ ಹೊಡೆಯುವ ಕೆಲಸಕ್ಕೆ ಬಂದ ಪೇಂಟರ್‌ನ ಕೂಲಿ ಉಳಿದೆಲ್ಲ ಖರ್ಚನ್ನೂ ಮೀರಿತ್ತು. ಗೌರಿಬಿದನೂರಿನ ಓಣಿಯಲ್ಲಿ ಅದೇ ಕೆಲಸ ಯಾರ ಲೆಕ್ಕದಲ್ಲೂ ಇರಲಿಲ್ಲ. ಹುಣಸೆ ಕುಟ್ಟಿದ ತೋಳು, ಬಿಸಿನೀರಲ್ಲಿ ಸುಕ್ಕಾದ ಬೆರಳು, ರಸ್ತೆಗೆ ಸುರಿದ ಹೂವು ಇವಕ್ಕೂ ಚೀಟಿ ಇರಲಿಲ್ಲ. ಬಿಟ್ಟುಹೋದ ಬಾಬ್ತು ಅದು. ಗೊತ್ತಾದ ಮೇಲೂ ಅದನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ಗಂಡ–ಹೆಂಡತಿಗೆ ಒಮ್ಮತವಿಲ್ಲ. ‘ನೀನೇ ಹೊಡೆದಿದ್ದರೆ ಅಗ್ಗವಾಗುತ್ತಿತ್ತು’ ಎಂಬುದು ಅವರ ವಾದ. ‘ನೀವು ಯಾಕೆ ಹೊಡೀಲಿಲ್ಲ?’ ಎಂಬುದು ಇವರದ್ದು.

ಚಿನ್ನದ ಬಣ್ಣದ ತೋರಣ ತಲುಪಿದ ದಿನ ಶಿಡ್ಲಘಟ್ಟದ ಅತ್ತಿಗೆ ಫೋನ್ ಮಾಡಿದರು. ಗೂಡಿಗೆ ಒಳ್ಳೆ ಬೆಲೆ ಸಿಕ್ಕಿತ್ತು, ಮಾತಿನಲ್ಲಿ ಗೆಲುವಿತ್ತು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಫೋಟೊ ನೋಡಿದ್ದರು. ‘ನಮ್ಮ ಚಂದ್ರಿಕೆ ಅಂತ ಗೊತ್ತೇ ಆಗಲ್ಲ ಅಕ್ಕ, ಹೋಟ್ಲಲ್ಲಿದ್ದಂಗಿದೆ. ಸುಣ್ಣ ಯಾರು ಹೊಡೆದ್ರು?’ ಪೇಂಟರ್ ಎಂದು ಹೇಳಿ ಕೂಲಿಯನ್ನೂ ಹೇಳಿದಾಗ ಆ ಕಡೆಯಿಂದ ಒಂದು ಉದ್ಗಾರ ಬಂತು. ‘ಅಷ್ಟಾ? ಬರೋ ಯುಗಾದಿಗೆ ಅವನನ್ನ ಕರೀಬೇಡಿ. ನಾನೇ ಬರ್ತೀನಿ. ಆದ್ರೆ ಮೊದ್ಲೇ ಹೇಳ್ತೀನಿ, ಹುಳ ಜ್ವರದಲ್ಲಿದ್ರೆ ಬರಲ್ಲ. ಬಂದ್ರೆ ಅವನಿಗೆ ಕೊಟ್ಟಷ್ಟೇ ನಂಗೂ ಕೊಡ್ಬೇಕು.’